ಹಗುರದ ಹಠ

ಪ್ರಯಾಣಕ್ಕೆ ಹೊರಡುವ ಹಿಂದಿನ ರಾತ್ರಿ ನಮ್ಮ ಮನೆಗಳಲ್ಲಿ ನಡೆಯುವ ಸಂಭ್ರಮವನ್ನು ವಾಚಕರೆಲ್ಲರೂ ಬಲ್ಲರು. ನಾಲ್ಕು ದಿನದ ಮದುವೆಗೆ ಒಂದು ಪೆಟ್ಟಿಗೆ ಸಾಕೆಂದು ಮೊದಲು ನಿಶ್ಚಯವಾಗಿರುತ್ತದೆ. ಅನಂತರ ಯಾರೋ ಒಬ್ಬರು ಕಂಬಳಿಯನ್ನು ತಂದು, "ಇರಲಿ, ಚಳಿಯಾದೀತು" ಎನ್ನುತ್ತಾರೆ. ಮತ್ತೊಬ್ಬರು ಉಪ್ಪಿನಕಾಯಿಯ ಜಾಡಿಯನ್ನು ತಂದು, "ಇದೂ ಇರಲಿ" ಎನ್ನುತ್ತಾರೆ. ಕಂಬಳಿ ಬಂದುದರಿಂದ ಎರಡನೆಯ ಪೆಟ್ಟಿಗೆ ಬೇಕಾಗುತ್ತದೆ; ಪೆಟ್ಟಿಗೆ ಎರಡಾದುದರಿಂದ ಕೂಲಿಯಾಳು ಬೇಕಾಗುತ್ತಾನೆ; ಕೂಲಿಯಾಳು ಹೇಗೂ ಇರುವನಷ್ಟೆ ಎಂದು ಇನ್ನೆರಡು ಗಂಟುಗಳು ಹುಟ್ಟಿಕೊಳ್ಳುತ್ತವೆ.

ಮೋಟಾರು ಗಾಡಿಗಳ ಮೈ ಬೆಳೆಯುವ ಕ್ರಮವೂ ಇದೇ. ಕುಳಿತವರ ಸೌಖ್ಯಕ್ಕೆಂದು ಏನನ್ನೋ ಸೇರಿಸಿದರೆ ಗಾಡಿ ಭಾರವಾಗುತ್ತದೆ. ಭಾರವನ್ನು ಎಳೆಯಲು ಇಂಜಿನು ದೊಡ್ಡದಾಗಬೇಕು. ದೊಡ್ಡ ಇಂಜಿನಿಗೆ ಹೆಚ್ಚು ಪೆಟ್ರೋಲು ಬೇಕು, ಪೆಟ್ರೋಲಿಗೆ ದೊಡ್ಡ ತೊಟ್ಟಿ ಬೇಕು. ಇಷ್ಟನ್ನೂ ಹಿಡಿದು ನಿಲ್ಲಿಸಲು ದೊಡ್ಡ ಬ್ರೇಕು, ಬ್ರೇಕಿಗೆ ತಕ್ಕ ಗಾಲಿ, ಗಾಲಿಗೆ ತಕ್ಕ ಗಟ್ಟಿ ಚೌಕಟ್ಟು. ಹತ್ತು ಸೇರಿನ ಸೌಖ್ಯಕ್ಕೆಂದು ಹೊರಟವರು ಮಣಭಾರವನ್ನು ಹೊತ್ತು ಮನೆಗೆ ಬರುತ್ತಾರೆ. ಈ "ಇರಲಿ" ಎಂಬ ಮಾತನ್ನು ಒಪ್ಪದೆ ಹೋದ ಕೆಲವರ ಕಥೆಯನ್ನು, ಮುಖ್ಯವಾಗಿ ಅವರಲ್ಲಿ ಒಬ್ಬನ ಕಥೆಯನ್ನು, ಇಲ್ಲಿ ಹೇಳಬೇಕೆಂದಿದ್ದೇನೆ.

ಇವರು ಕಟ್ಟಿದ್ದು ನಾವು ನೀವು ಕೊಳ್ಳುವಂಥ ಗಾಡಿಗಳಲ್ಲ. ಸೂಪರ್ ಕಾರು ಎಂಬ ಜಾತಿಗೆ ಸೇರಿದವು. ಎಂದರೆ, ಊರಿನ ರಸ್ತೆಯಲ್ಲಿ ಓಡಲು ಸರಕಾರದ ಪರವಾನಗಿಯನ್ನು ಪಡೆದಿದ್ದರೂ ಪಂದ್ಯದ ಕಣಕ್ಕೆ ಇಳಿಸಿದರೆ ತಲೆ ತಗ್ಗಿಸದಂಥವು. ಬೆಲೆಯನ್ನು ಕೇಳಿದರೆ ಗೃಹಸ್ಥರ ಎದೆ ಒಡೆದೀತು. ಆದರೂ ಅವುಗಳ ಹಿಂದಿರುವ ಲೆಕ್ಕವು ಬಡವನ ಎತ್ತಿನ ಗಾಡಿಗೂ ಒಪ್ಪುವಂಥದು.

ಲೆಕ್ಕವು ಹೀಗಿದೆ. ಸಾಧಾರಣ ಕುಟುಂಬದ ಕಾರೊಂದು ಸಾವಿರ ಕಿಲೋಗ್ರಾಂ ತೂಗಿ ಎಂಬತ್ತು ಅಶ್ವಶಕ್ತಿಯ ಇಂಜಿನನ್ನು ಹೊಂದಿದೆ ಎನ್ನೋಣ. ಅದರಲ್ಲಿ ಒಂದೊಂದು ಕುದುರೆಯೂ ಹನ್ನೆರಡೂವರೆ ಕಿಲೋಗ್ರಾಂ ಎಳೆಯಬೇಕು. ಗಾಡಿ ಚುರುಕಾಗಬೇಕಾದರೆ ಎರಡು ದಾರಿಗಳುಂಟು: ಕುದುರೆಗಳನ್ನು ಹೆಚ್ಚಿಸುವುದು, ಇಲ್ಲವೆ ಹೊರೆಯನ್ನು ಇಳಿಸುವುದು. ಗಾಡಿಯ ವೇಗವನ್ನೇರಿಸುವಾಗ ಎರಡರಿಂದಲೂ ಫಲ ಒಂದೇ. ಆದರೆ ಕುದುರೆಗಳು ಎಳೆಯುವಾಗ ಮಾತ್ರ ಸಹಾಯಕ್ಕೆ ಬರುತ್ತವೆ. ನಿಲ್ಲಿಸುವಾಗ, ತಿರುಗಿಸುವಾಗ ಅವುಗಳಿಂದ ಏನೂ ಉಪಯೋಗವಿಲ್ಲ. ತುಂಬಿದ ಕೊಡವನ್ನು ಸೊಂಟದಲ್ಲಿಟ್ಟ ಹೆಂಗಸು ಅಂಗಳದ ಮೂಲೆಯನ್ನು ತಿರುಗುವ ಬಗೆಯನ್ನೂ, ಬರಿಗೈಯ ಹುಡುಗಿ ತಿರುಗುವ ಬಗೆಯನ್ನೂ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊರೆಯನ್ನು ಇಳಿಸಿದವನು ಏರಿನಲ್ಲಿ, ತಿರುವಿನಲ್ಲಿ, ಬ್ರೇಕಿನಲ್ಲಿ, ಪೆಟ್ರೋಲಿನ ಖರ್ಚಿನಲ್ಲಿ, ಟಯರಿನ ಸವೆತದಲ್ಲಿ, ಎಲ್ಲ ಕಡೆಯಲ್ಲಿಯೂ ಗೆಲ್ಲುತ್ತಾನೆ.

ಒಂದು ಕಡೆಯಲ್ಲಿ ಮಾತ್ರ ಈ ಲೆಕ್ಕ ನಡೆಯುವುದಿಲ್ಲವೆಂಬುದನ್ನು ಪ್ರಾಮಾಣಿಕತೆಗಾಗಿ ಹೇಳಿಬಿಡಬೇಕು. ನೇರವಾದ ದಾರಿಯಲ್ಲಿ ಅತ್ಯಂತ ಹೆಚ್ಚಿನ ವೇಗವನ್ನು ಮುಟ್ಟುವಾಗ ಶತ್ರುವು ತೂಕವಲ್ಲ, ಗಾಳಿ. ವೇಗವು ಎರಡರಷ್ಟಾದರೆ ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ಎಂಟರಷ್ಟಾಗುತ್ತದೆ. ಅಲ್ಲಿ ಬೇಕಾದುದು ಬಲವಾದ ಇಂಜಿನು ಮತ್ತು ಮೀನಿನಂತೆ ನಯವಾದ ಮೈ.

ಹಗುರದ ಮಂತ್ರವನ್ನು ಈ ಶಾಸ್ತ್ರದಲ್ಲಿ ಮೊದಲು ಗಟ್ಟಿಯಾಗಿ ಹೇಳಿದವನು ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕಟ್ಟಡಗಳ ರಚನಾಶಾಸ್ತ್ರವನ್ನು ಓದಿದ ಈತನು, ತಾನು ಮುಂದೆ ಮದುವೆಯಾದ ಹುಡುಗಿಯ ತಂದೆಯ ಮನೆಯ ಹಿತ್ತಿಲಿನ ಷೆಡ್ಡಿನಲ್ಲಿ, ಹಳೆಯ ಆಸ್ಟಿನ್ ಸೆವೆನ್ ಗಾಡಿಯೊಂದನ್ನು ಬಿಚ್ಚಿ ತನ್ನ ಮೊದಲನೆಯ ಕಾರನ್ನು ಕಟ್ಟಿದನು. 1952ರಲ್ಲಿ ಲೋಟಸ್ ಎಂಬ ಕಂಪನಿಯನ್ನು ಸ್ಥಾಪಿಸಿದನು. 1962ರಲ್ಲಿ ಈತನು ಹೊರತಂದ ಲೋಟಸ್ 25 ಎಂಬ ಪಂದ್ಯದ ಗಾಡಿಯಲ್ಲಿ ಕೊಳವೆಗಳ ಪಂಜರವನ್ನು ತೆಗೆದುಹಾಕಿ, ತೆಳುವಾದ ತಗಡಿನ ಮೈಯೇ ಅಸ್ಥಿಯೂ ಆಗುವಂತೆ ಮಾಡಿದನು. ಏಡಿಗೆ ಮೂಳೆಗಳಿಲ್ಲ, ಅದರ ಚಿಪ್ಪೇ ಅದರ ಮೂಳೆ. ಮರುವರ್ಷ, 1963ರಲ್ಲಿ, ಜಿಮ್ ಕ್ಲಾರ್ಕನು ಆ ಗಾಡಿಯಲ್ಲಿ ಜಗತ್ತಿನ ಪ್ರಥಮ ಸ್ಥಾನವನ್ನು ಪಡೆದನು.

ಆದರೆ ಈ ಮಂತ್ರಕ್ಕೆ ಒಂದು ಕಠೋರವಾದ ಬೆಲೆಯೂ ಇತ್ತು. ಎಲ್ಲಿಂದ ಕಳೆಯಬಹುದು ಎಂಬ ಉತ್ಸಾಹದಲ್ಲಿ, ಎಲ್ಲಿಂದ ಕಳೆಯಬಾರದು ಎಂಬ ವಿವೇಕವು ಹಿಂದುಳಿಯಿತು. ಲೋಟಸ್ ಗಾಡಿಗಳು ಗೆಲ್ಲುತ್ತಿದ್ದುವು, ಮುರಿಯುತ್ತಲೂ ಇದ್ದುವು. 1969ರ ಸ್ಪೇನ್ ದೇಶದ ಪಂದ್ಯದಲ್ಲಿ ಗಾಡಿಯ ರೆಕ್ಕೆ ಮುರಿದು ಪ್ರಾಣಾಪಾಯದಿಂದ ಪಾರಾದ ಯೋಖೆನ್ ರಿಂಟ್ ಎಂಬ ಚಾಲಕನು ಚಾಪ್‌ಮನ್ನನಿಗೆ ಒಂದು ಕಾಗದವನ್ನು ಬರೆದನು. ನಿಮ್ಮ ಗಾಡಿಗಳು ಹೇಗೂ ಸಾಕಷ್ಟು ವೇಗವಾಗಿವೆ. ದುರ್ಬಲವಾದ ಭಾಗಗಳನ್ನು ಗಟ್ಟಿಮಾಡಲು ಸ್ವಲ್ಪ ತೂಕವನ್ನು ಸೇರಿಸಿದರೆ ನಷ್ಟವೇನೂ ಇಲ್ಲ ಎಂಬುದು ಅದರ ತಾತ್ಪರ್ಯ. ಮರುವರ್ಷ ಸೆಪ್ಟೆಂಬರಿನಲ್ಲಿ, ಇಟಲಿಯ ಮೊಂಜಾ ಪಂದ್ಯದ ಅಭ್ಯಾಸದ ಸಮಯದಲ್ಲಿ, ಆತನ ಲೋಟಸ್ ಗಾಡಿ ಬ್ರೇಕು ಹಾಕುವ ಜಾಗದಲ್ಲಿ ದಾರಿ ತಪ್ಪಿ ಕಟಾಂಜನಕ್ಕೆ ಬಡಿಯಿತು. ಮುಂದಿನ ಬ್ರೇಕಿನ ದಂಡವೊಂದು ಮುರಿದಿತ್ತು. ರಿಂಟನು ತೀರಿಕೊಂಡನು. ಅದುವರೆಗೆ ಆತನು ಗಳಿಸಿದ್ದ ಅಂಕಗಳನ್ನು ಆ ವರ್ಷ ಬೇರೆ ಯಾರೂ ಮೀರದೆ ಹೋದುದರಿಂದ, 1970ರ ವಿಜಯಮಾಲೆಯು ಸತ್ತವನ ಹೆಸರಿಗೆ ಹೋಯಿತು. ಹಾಗೆ ಪ್ರಶಸ್ತಿ ಪಡೆದವನು ಆ ಪಂದ್ಯಗಳ ಚರಿತ್ರೆಯಲ್ಲಿ ಆತನೊಬ್ಬನೇ.

ಹಗುರವಾಗಿರುವುದು ಎಂದರೆ ದುರ್ಬಲವಾಗಿರುವುದೇ? ಅಂದಿನ ಎಲ್ಲರ ಮನಸ್ಸಿನಲ್ಲಿದ್ದ ಈ ಪ್ರಶ್ನೆಗೆ ಉತ್ತರವು ದೊರೆತದ್ದೂ ಅದೇ ಮೊಂಜಾದಲ್ಲಿ, ಹನ್ನೊಂದು ವರ್ಷಗಳ ಅನಂತರ.

ಕಾರ್ಬನ್ ಫೈಬರ್, ಎಂದರೆ ಇಂಗಾಲದ ಎಳೆ, ಎಂಬ ವಸ್ತುವನ್ನು ಬಟ್ಟೆಗೆ ಬರುವ ಒಂದು ಜಾತಿಯ ಕೃತಕ ನೂಲಿನಿಂದ ಮಾಡುತ್ತಾರೆ. ನೂಲನ್ನು ಗಾಳಿ ತಗಲದಂತೆ ಸಾವಿರ ಡಿಗ್ರಿಗೂ ಮೀರಿದ ಉಷ್ಣದಲ್ಲಿ ಕಾಯಿಸಿದರೆ, ಅದು ಉರಿದು ಬೂದಿಯಾಗದೆ, ಇಂಗಾಲವೊಂದೇ ಉಳಿದ ಕಪ್ಪು ಎಳೆಯಾಗುತ್ತದೆ. ಅದು ನಮ್ಮ ತಲೆಗೂದಲಿಗಿಂತ ಎಷ್ಟೋ ಸಣ್ಣದು. ಇಂಥ ಸಾವಿರಾರು ಎಳೆಗಳನ್ನು ಸೇರಿಸಿ ಬಟ್ಟೆಯಂತೆ ನೇಯ್ದು, ಅಂಟಿನಲ್ಲಿ ತೋಯಿಸಿ, ಅಚ್ಚಿನ ಮೇಲೆ ಪದರಪದರವಾಗಿ ಹಾಸಿ, ದೊಡ್ಡ ಉಗಿಪಾತ್ರೆಯಂತಿರುವ ಒಲೆಯಲ್ಲಿ ಒತ್ತಡದಿಂದ ಬೇಯಿಸುತ್ತಾರೆ. ಹೊರಗೆ ಬರುವ ಹಲಗೆಯ ತೂಕವು ಅಷ್ಟೇ ಗಾತ್ರದ ಉಕ್ಕಿನ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು. ಯಾವ ದಿಕ್ಕಿನಿಂದ ಎಳೆತ ಬೀಳುವುದೋ ಆ ದಿಕ್ಕಿಗೆ ಎಳೆಗಳನ್ನು ಹಾಸುವುದೇ ಇದರ ಗುಟ್ಟು. ಬಿದಿರನ್ನು ಸೀಳಿ ಬುಟ್ಟಿ ಹೆಣೆಯುವ ನಮ್ಮ ಮೇದರಿಗೆ ಈ ತತ್ವವು ಹೊಸದೆಂದು ತೋರಲಾರದು. (ನಮ್ಮ ಬೆಂಗಳೂರಿನಲ್ಲಿ ರೂಪುಗೊಂಡು 2001ರ ಜನವರಿ 4ರಂದು ಮೊದಲು ಆಕಾಶಕ್ಕೇರಿದ, ಈಗ ತೇಜಸ್ ಎಂದು ಹೆಸರಾಗಿರುವ ಯುದ್ಧವಿಮಾನದ ಮೈಯಲ್ಲಿ ಬಹುಪಾಲು ಇದೇ ವಸ್ತು. ಆ ಯೋಜನೆಯ ಮೊದಲ ಹೆಸರಿನಲ್ಲಿಯೇ "ಹಗುರ" ಎಂಬ ಮಾತಿತ್ತೆಂಬುದು ಗಮನಿಸತಕ್ಕದ್ದು.)

ಜಾನ್ ಬರ್ನಾರ್ಡ್ ಎಂಬ ರಚನಾಕಾರನು ಮೆಕ್‌ಲಾರೆನ್ ತಂಡಕ್ಕಾಗಿ ಇಡೀ ಒಡಲನ್ನು ಈ ಎಳೆಯಿಂದ ಮಾಡಿದ ಮೊದಲ ಗ್ರಾನ್ ಪ್ರಿ ಗಾಡಿಯನ್ನು 1981ರಲ್ಲಿ ಪಂದ್ಯಕ್ಕೆ ತಂದನು. ಅಪಘಾತವಾದರೆ ಇದು ಇದ್ದಿಲಿನಂತೆ ಪುಡಿಯಾಗುವುದೆಂದು ಅನೇಕರು ಹೆದರಿದ್ದರು. ಆ ವರ್ಷ ಮೊಂಜಾದಲ್ಲಿ ಜಾನ್ ವಾಟ್ಸನ್ನನ ಗಾಡಿ ತಿರುವೊಂದರಲ್ಲಿ ಹತೋಟಿ ತಪ್ಪಿ ಹಿಮ್ಮುಖವಾಗಿ ಕಟಾಂಜನಕ್ಕೆ ಅಪ್ಪಳಿಸಿತು. ಇಂಜಿನು ಕಿತ್ತು ಬೇರೆಯಾಗಿ ಉರಿಯುತ್ತ ದಾರಿಗೆ ಅಡ್ಡವಾಗಿ ಉರುಳಿಹೋಯಿತು. ನೋಡಿದವರು ಚಾಲಕನ ಕಥೆ ಮುಗಿಯಿತೆಂದುಕೊಂಡರು. ವಾಟ್ಸನ್ನನು ಕರಿಯ ತೊಟ್ಟಿಲಿನಂತಿದ್ದ ಆ ಒಡಲಿನಿಂದ ಗಾಯವಿಲ್ಲದೆ ಎದ್ದುಬಂದನು. ಗಾಡಿಯನ್ನು ಕಟ್ಟುವವರ ಭಯವು ಅಂದು ಬಿಟ್ಟುಹೋಯಿತು.

ಈಗ ನಮ್ಮ ಕಥಾನಾಯಕನ ಮಾತು. ಗಾರ್ಡನ್ ಮರ್ರೆ 1946ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ ಪಟ್ಟಣದಲ್ಲಿ ಹುಟ್ಟಿದನು. ತಂದೆತಾಯಿಗಳು ಸ್ಕಾಟ್ಲೆಂಡಿನಿಂದ ಹೋಗಿ ನೆಲಸಿದವರು. ಕೊಳ್ಳಲು ಹಣವಿಲ್ಲದ್ದರಿಂದ ಇಪ್ಪತ್ತರ ಪ್ರಾಯದಲ್ಲಿ ತನ್ನ ಪಂದ್ಯದ ಗಾಡಿಯನ್ನು ತಾನೇ ಕಟ್ಟಿಕೊಂಡು ಓಡಿಸಿದನು. 1969ರಲ್ಲಿ ಇಂಗ್ಲೆಂಡಿಗೆ ಬಂದು ಬ್ರಾಭಮ್ ತಂಡದಲ್ಲಿ ಕೆಲಸಕ್ಕೆ ಸೇರಿದನು. ಅಲ್ಲಿ 1978ರಲ್ಲಿ ಈತನು ಮಾಡಿದ ಒಂದು ಚಮತ್ಕಾರವನ್ನು ಹೇಳಲೇಬೇಕು. ಗಾಡಿಯ ಹಿಂದೆ ದೊಡ್ಡ ಬೀಸಣಿಗೆಯೊಂದನ್ನು ಇಟ್ಟು, ಗಾಡಿಯ ಅಡಿಯ ಗಾಳಿಯನ್ನೆಲ್ಲ ಹೀರಿ ಹೊರಕ್ಕೆ ತಳ್ಳಿದನು. ಗಾಡಿಯು ನೆಲಕ್ಕೆ ಹಲ್ಲಿಯಂತೆ ಅಂಟಿಕೊಂಡಿತು. ಸ್ವೀಡನ್ನಿನ ಪಂದ್ಯದಲ್ಲಿ ನಿಕಿ ಲೌಡಾ ಅದನ್ನು ಓಡಿಸಿ ಗೆದ್ದನು. ಎದುರಾಳಿಗಳು ಗದ್ದಲವೆಬ್ಬಿಸಿದರು, ಗಾಡಿ ಆ ಒಂದೇ ಪಂದ್ಯಕ್ಕೆ ಮನೆ ಸೇರಿತು. ಬೀಸಣಿಗೆಯ ಮಾತು ಮತ್ತೆ ಬರುವುದು, ವಾಚಕರು ನೆನಪಿಟ್ಟಿರಬೇಕು.

ಅನಂತರ ಮರ್ರೆ ಮೆಕ್‌ಲಾರೆನ್ ತಂಡಕ್ಕೆ ಬಂದನು. 1988ರಲ್ಲಿ ಆ ತಂಡವು ಹದಿನಾರು ಪಂದ್ಯಗಳಲ್ಲಿ ಹದಿನೈದನ್ನು ಗೆದ್ದಿತು. ಸೋತ ಒಂದೇ ಪಂದ್ಯ ಮತ್ತೆ ಮೊಂಜಾದ್ದು. ಹಿಂದಿನ ತಿಂಗಳಷ್ಟೇ ವೃದ್ಧ ಎಂಜೋ ಫೆರಾರಿಯು ತೀರಿಕೊಂಡಿದ್ದನು. ಆತನ ಹೆಸರಿನ ಗಾಡಿಗಳು ಅಂದು ಮೊದಲೆರಡು ಸ್ಥಾನಗಳನ್ನು ಪಡೆದುವು, ಇಟಲಿಯ ಜನ ಕಣ್ಣೀರಿಟ್ಟರು. ಸೋತ ಮೆಕ್‌ಲಾರೆನ್ ತಂಡದ ಮುಖ್ಯಸ್ಥರಾದರೋ ಮಿಲಾನಿನ ಲಿನಾಟೆ ವಿಮಾನನಿಲ್ದಾಣದಲ್ಲಿ ತಡವಾದ ವಿಮಾನಕ್ಕಾಗಿ ಕಾಯುತ್ತ ಕುಳಿತಿದ್ದರು. ಮಾತಿಗೆ ಮಾತು ಬೆಳೆದು, ಪಂದ್ಯಗಳನ್ನು ಗೆದ್ದದ್ದಾಯಿತು, ಇನ್ನು ಜಗತ್ತಿನಲ್ಲಿಯೇ ಉತ್ತಮವಾದ ರಸ್ತೆಯ ಕಾರನ್ನು ಏಕೆ ಕಟ್ಟಬಾರದು ಎಂಬಲ್ಲಿಗೆ ಬಂದು ನಿಂತಿತು. ವಿಮಾನವು ಸರಿಯಾದ ಕಾಲಕ್ಕೆ ಬಂದಿದ್ದರೆ ಈ ಲೇಖನಕ್ಕೆ ವಿಷಯವಿರುತ್ತಿತ್ತೋ ಇಲ್ಲವೋ!

ಅದೇ ಫೆರಾರಿ ಕಂಪನಿಯು 1987ರಲ್ಲಿ ಎಫ್-40 ಎಂಬ ಅದ್ಭುತವಾದ ಗಾಡಿಯನ್ನು ಆಗಲೇ ತಂದಿತ್ತು. ಸುಮಾರು 1,100 ಕಿಲೋಗ್ರಾಂ, 478 ಅಶ್ವಶಕ್ತಿ. ಒಳಗೆ ಜಮಖಾನವಿಲ್ಲ, ಬಾಗಿಲನ್ನು ಎಳೆಯಲು ಹಿಡಿಯ ಬದಲು ಒಂದು ಹುರಿ. ಆದರೆ ಅದು ಸನ್ಯಾಸಿಯ ಹಗುರ: ಇರುವುದನ್ನೆಲ್ಲ ಬಿಟ್ಟು ಪಡೆದದ್ದು. ಮರ್ರೆಗೆ ಬೇಕಾಗಿದ್ದುದು ಸಂಸಾರಿಯ ಹಗುರ. ತನ್ನ ಗಾಡಿಯಲ್ಲಿ ಮೂವರು ಕುಳಿತುಕೊಳ್ಳಬೇಕು, ಪೆಟ್ಟಿಗೆಗಳಿಗೆ ಜಾಗವಿರಬೇಕು, ತಂಪುಗಾಳಿಯ ಯಂತ್ರವಿರಬೇಕು, ಸಂಗೀತ ಕೇಳಬೇಕು. ಇಷ್ಟಿದ್ದೂ ಒಟ್ಟು ತೂಕ ಸಾವಿರ ಕಿಲೋಗ್ರಾಮನ್ನು ಮೀರಬಾರದು ಎಂದು ಗುರಿಯಿಟ್ಟನು.

ಇಂಜಿನಿಗಾಗಿ ಮೊದಲು ಜಪಾನಿನ ಹೋಂಡಾ ಕಂಪನಿಯನ್ನು ಕೇಳಿದನು, ಅವರು ಒಪ್ಪಲಿಲ್ಲ. ಕೊನೆಗೆ ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿಯ ಪೌಲ್ ರೋಷೆ ಎಂಬ ಪ್ರವೀಣನು ಹೊಸ ಇಂಜಿನನ್ನೇ ಮಾಡಿಕೊಟ್ಟನು. ಹನ್ನೆರಡು ಸಿಲಿಂಡರು, ಆರು ಲೀಟರಿಗೂ ಸ್ವಲ್ಪ ಹೆಚ್ಚಿನ ಒಳಗಾತ್ರ. ಮರ್ರೆ ಕೇಳಿದ್ದು 550 ಅಶ್ವಶಕ್ತಿ, 250 ಕಿಲೋಗ್ರಾಂ. ರೋಷೆ ಕೊಟ್ಟದ್ದು 627 ಅಶ್ವಶಕ್ತಿ, 266 ಕಿಲೋಗ್ರಾಂ. ಬೇರೆ ಯಾರಾದರೂ ಆಗಿದ್ದರೆ ಹೆಚ್ಚು ಬಂದ ಎಪ್ಪತ್ತೇಳು ಕುದುರೆಗಳನ್ನು ಕಂಡು ಕುಣಿಯುತ್ತಿದ್ದರು. ಈತನ ಕಣ್ಣಿಗೆ ಹೆಚ್ಚಾದ ಹದಿನಾರು ಕಿಲೋಗ್ರಾಂ ಮೊದಲು ಬಿತ್ತೆಂದು ಊಹಿಸಿದರೆ ತಪ್ಪಾಗಲಾರದು.

1992ರ ಮೇ ತಿಂಗಳಲ್ಲಿ ಮೊನಾಕೋದಲ್ಲಿ ಮೆಕ್‌ಲಾರೆನ್ ಎಫ್-1 ಎಂಬ ಆ ಗಾಡಿಯನ್ನು ಲೋಕಕ್ಕೆ ತೋರಿಸಿದರು. ರಸ್ತೆಗಾಗಿ ತಯಾರಾಗಿ ಮಾರಾಟಕ್ಕೆ ಬಂದ ಈ ಗಾಡಿಯ ಇಡೀ ಒಡಲು ಇಂಗಾಲದ ಎಳೆಯದಾಗಿತ್ತು. ಚಾಲಕನ ಪೀಠವು ಎಡಕ್ಕೂ ಅಲ್ಲದೆ ಬಲಕ್ಕೂ ಅಲ್ಲದೆ ನಟ್ಟನಡುವೆ. ಆತನ ಎರಡು ಪಕ್ಕದಲ್ಲಿ, ಸ್ವಲ್ಪ ಹಿಂದಕ್ಕೆ, ಇಬ್ಬರಿಗೆ ಜಾಗ. ಉತ್ಸವಮೂರ್ತಿಯ ಹಿಂದೆ ಎರಡು ಕಡೆ ಚಾಮರದವರು ನಿಂತಂತೆ. ಕೊಂಡವನ ಮೈಯಳತೆಗೆ ತಕ್ಕಂತೆ ಪೀಠವನ್ನೂ ಕಾಲಿನ ಮೆಟ್ಟುಗಳನ್ನೂ ಹೊಂದಿಸಿಕೊಡುತ್ತಿದ್ದರು, ದರ್ಜಿಯು ಅಂಗಿ ಹೊಲಿದಂತೆ. ಇಂಜಿನಿನ ಗೂಡಿನ ಒಳಗೋಡೆಗೆ ಅಪ್ಪಟ ಚಿನ್ನದ ರೇಕನ್ನು ಅಂಟಿಸಿದ್ದರು. ಇದನ್ನು ಕೇಳಿದವರೆಲ್ಲ ಶ್ರೀಮಂತರ ಹುಚ್ಚೆಂದು ನಗುವುದುಂಟು. ಆದರೆ ಚಿನ್ನದಷ್ಟು ಚೆನ್ನಾಗಿ ಶಾಖವನ್ನು ಹಿಂದಕ್ಕೆ ಹೊಡೆಯುವ ವಸ್ತು ವಿರಳ. ಎರಡು ತೊಲವೂ ತೂಗದ ರೇಕಿನಿಂದ ಕೆಲಸವಾಗುವಾಗ ಕಿಲೋಗಟ್ಟಲೆ ಬೇರೆ ಹೊದಿಕೆಯೇಕೆ? ನಮ್ಮ ಹೆಂಗಸರು ಕೊರಳಿನಲ್ಲಿ ಧರಿಸುವುದಕ್ಕಿಂತ ಕಡಿಮೆ ಚಿನ್ನದಲ್ಲಿ ಒಂದು ಗಾಡಿಯ ಬೆನ್ನು ಬೇಯದಂತೆ ಕಾಪಾಡಿದರು. ಸಂಗೀತದ ಪೆಟ್ಟಿಗೆಯನ್ನು ಕೆನ್‌ವುಡ್ ಕಂಪನಿಯಿಂದ ಬೇರೆಯಾಗಿಯೇ ಹಗುರವಾಗಿ ಮಾಡಿಸಿದರು; ರೇಡಿಯೋವನ್ನು ಬಿಟ್ಟುಬಿಟ್ಟರು. ರಿಪೇರಿಯ ಸ್ಪ್ಯಾನರುಗಳು ಸಹ ಉಕ್ಕಿನವಲ್ಲ, ಟೈಟೇನಿಯಂ ಲೋಹದವು.

ಇಷ್ಟು ಮಾಡಿದರೂ ತೂಕ 1,138 ಕಿಲೋಗ್ರಾಮಿಗೆ ನಿಂತಿತು. ಸಾವಿರದ ಗುರಿ ತಪ್ಪಿತು. ಒಂದೊಂದು ಕುದುರೆಗೆ ಹೊರೆ ಎರಡು ಕಿಲೋಗ್ರಾಮಿಗೂ ಕಡಿಮೆ. ಲೋಕಕ್ಕೆ ಇದು ಪವಾಡ. ಕಟ್ಟಿದವನ ಮನಸ್ಸಿನಲ್ಲಿ 138 ಕಿಲೋಗ್ರಾಂ ಸಾಲ ಉಳಿಯಿತು.

ಗಟ್ಟಿತನದ ಮಾತೇನು? ಆಫ್ರಿಕದ ನಮಿಬಿಯಾ ದೇಶದ ಮರುಭೂಮಿಯಲ್ಲಿ ಬಿಸಿಲಿನ ಪರೀಕ್ಷೆ ನಡೆಯುತ್ತಿದ್ದಾಗ ಮೊದಲನೆಯ ಮಾದರಿ ಗಾಡಿ ಅಪಘಾತಕ್ಕೀಡಾಗಿ ನಾಶವಾಯಿತು. ಓಡಿಸುತ್ತಿದ್ದವನು ನಡೆದುಕೊಂಡು ಹೊರಗೆ ಬಂದನು. ರಿಂಟನ ಕಾಗದಕ್ಕೆ, ಇಷ್ಟು ವರ್ಷಗಳಾದ ಮೇಲೆ, ಇದೂ ಒಂದು ಉತ್ತರ. ಚಾಪ್‌ಮನ್ನನು ಭಾಗಗಳನ್ನು ತೆಳ್ಳಗೆ ಮಾಡಿದ್ದನು. ಇವರು ಒಂದೊಂದು ಭಾಗವೂ ಎಷ್ಟು ಹೊರೆಯನ್ನು ಯಾವ ಕಡೆಯಿಂದ ಹೊರಬೇಕೆಂಬುದನ್ನು ತಿಳಿದು ಅಷ್ಟನ್ನೇ ಕೊಟ್ಟರು.

ಈ ಗಾಡಿಯನ್ನು ಪಂದ್ಯಕ್ಕೆಂದು ಕಟ್ಟಿರಲಿಲ್ಲ. ಪಂದ್ಯದ ವ್ಯವಹಾರ ಸಾಕೆಂದೇ ಮರ್ರೆ ರಸ್ತೆಗೆ ಬಂದಿದ್ದನು. ಆದರೆ ಕೊಂಡವರಲ್ಲಿ ಕೆಲವರು ಬಿಡಲಿಲ್ಲ. ಪಂದ್ಯಕ್ಕೆ ತಕ್ಕಂತೆ ಮಾರ್ಪಡಿಸಿ ಕೊಡಬೇಕೆಂದು ಹಿಡಿದುಕೊಂಡರು. ಹೀಗೆ 1995ರ ಜೂನಿನಲ್ಲಿ ಏಳು ಗಾಡಿಗಳು ಫ್ರಾನ್ಸ್ ದೇಶದ ಲೆ ಮಾನ್ ಎಂಬಲ್ಲಿಗೆ ಹೋದುವು. ಅಲ್ಲಿಯ ಪಂದ್ಯವು ಸಾಧಾರಣವಾದುದಲ್ಲ. ಒಂದು ಮಧ್ಯಾಹ್ನ ಹೊರಟರೆ ಮರುದಿನ ಮಧ್ಯಾಹ್ನದವರೆಗೆ, ಇಪ್ಪತ್ತನಾಲ್ಕು ಗಂಟೆಗಳ ಕಾಲ, ಒಂದು ಸುತ್ತಿಗೆ ಹದಿಮೂರು ಕಿಲೋಮೀಟರಿಗೂ ಉದ್ದವಾದ ದಾರಿಯಲ್ಲಿ ಚಾಲಕರು ಸರದಿಯ ಮೇಲೆ ಓಡಿಸಬೇಕು. ಅದಕ್ಕಾಗಿಯೇ ಹುಟ್ಟಿದ ಪಂದ್ಯದ ಗಾಡಿಗಳು ಎದುರಿಗಿದ್ದುವು. ನಿಯಮದ ಪ್ರಕಾರ ಇಂಜಿನಿಗೆ ಹೋಗುವ ಗಾಳಿಯನ್ನು ಕಿರಿದುಮಾಡಬೇಕಾಗಿದ್ದುದರಿಂದ, ವಿಚಿತ್ರವೇನೆಂದರೆ, ಪಂದ್ಯದ ಎಫ್-1ರ ಶಕ್ತಿಯು ರಸ್ತೆಯ ಎಫ್-1ಕ್ಕಿಂತ ಕಡಿಮೆಯಾಗಿತ್ತು!

ಮಳೆ ಹಿಡಿಯಿತು. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಬಹುಪಾಲು ಮಳೆಯೇ. ಬಲವಾದ ಗಾಡಿಗಳು ಒದ್ದೆ ದಾರಿಯಲ್ಲಿ ತಮ್ಮ ಬಲವನ್ನು ನೆಲಕ್ಕೆ ಇಳಿಸಲಾರದೆ ಒದ್ದಾಡಿದುವು. ಫಿನ್ಲೆಂಡಿನ ಜೆ. ಜೆ. ಲೆಹ್ಟೊ ರಾತ್ರಿಯ ಕತ್ತಲೆಯಲ್ಲಿ, ಇತರರು ಹೆದರಿ ನಿಧಾನಿಸಿದ ನೀರಿನಲ್ಲಿ, ಸುತ್ತಿನಿಂದ ಸುತ್ತಿಗೆ ಅಂತರವನ್ನು ಕಡಿಮೆಮಾಡುತ್ತ ಬಂದನು. ಮುಂದಿದ್ದ ಮತ್ತೊಂದು ಎಫ್-1ರಲ್ಲಿ ಡೆರೆಕ್ ಬೆಲ್ ಎಂಬ ಹಳೆಯ ಹುಲಿಯೂ ಆತನ ಮಗ ಜಸ್ಟಿನ್ನನೂ ಆಂಡಿ ವಾಲೆಸನೊಡನೆ ಸರದಿಯಲ್ಲಿದ್ದರು. ತಂದೆ ಲೆ ಮಾನಿನಲ್ಲಿ ಐದು ಸಲ ಗೆದ್ದವನು. ಆರನೆಯ ಸಲ ಮಗನೊಡನೆ ಗೆಲ್ಲುವ ಯೋಗ ಕೈಗೆಟಕುವಂತಿತ್ತು. ಕೊನೆಯ ಗಂಟೆಗಳಲ್ಲಿ ಅವರ ಗಾಡಿಯ ಕ್ಲಚ್ಚು ಕೈಕೊಟ್ಟಿತು. ಮೂರನೆಯ ಸ್ಥಾನಕ್ಕೆ ಇಳಿದರು. ಅಂದು ತಂದೆಗೆ ಯಾವುದು ಹೆಚ್ಚು ನೋವಾಯಿತೋ, ತನ್ನ ಸೋಲೋ ಮಗನದೋ, ಹೇಳಬಲ್ಲವರಾರು? ಲೆಹ್ಟೊ, ಫ್ರಾನ್ಸಿನ ಯಾನಿಕ್ ಡಾಲ್ಮಾ, ಜಪಾನಿನ ಮಸಾನೊರಿ ಸೆಕಿಯಾ ಈ ಮೂವರ ಗಾಡಿ ಪ್ರಥಮವಾಗಿ ಬಂದಿತು. ಲೆ ಮಾನಿನಲ್ಲಿ ಗೆದ್ದ ಮೊದಲನೆಯ ಜಪಾನೀಯನು ಸೆಕಿಯಾ. ಎರಡನೆಯ ಸ್ಥಾನವೊಂದನ್ನು ಬಿಟ್ಟು, ಒಂದರಿಂದ ಐದರವರೆಗೆ ಎಲ್ಲವೂ ಎಫ್-1 ಗಾಡಿಗಳ ಪಾಲಾದುವು.

ಮೂರು ವರ್ಷಗಳ ಅನಂತರ, 1998ರ ಮಾರ್ಚಿನಲ್ಲಿ, ಅದೇ ಆಂಡಿ ವಾಲೆಸನು ಜರ್ಮನಿಯ ಎರಾ-ಲೆಸಿಯೆನ್ ಪರೀಕ್ಷಾಪಥದಲ್ಲಿ, ಇಂಜಿನಿನ ಸುತ್ತುಗಳಿಗಿದ್ದ ಮಿತಿಯನ್ನು ತೆಗೆದುಹಾಕಿ, ಎಫ್-1 ಒಂದನ್ನು ಗಂಟೆಗೆ 386 ಕಿಲೋಮೀಟರ್ ವೇಗಕ್ಕೆ ಮುಟ್ಟಿಸಿದನು. 2005ರಲ್ಲಿ ಬುಗಾಟಿ ವೇರಾನ್ ಗಾಡಿಯು 407 ಕಿಲೋಮೀಟರ್ ಮುಟ್ಟಿ ಅದನ್ನು ಬಹಳವಾಗಿ ಮೀರಿಸಿತೆಂಬುದು ನಿಜ. ಆದರೆ ಮನೆಯ ಲೆಕ್ಕ ನೋಡುವವರು ಸ್ವಲ್ಪ ತಾಳಿ ನೋಡಬೇಕು. ವೇರಾನಿನ ಶಕ್ತಿ 1,001 ಅಶ್ವಶಕ್ತಿ, ತೂಕ 1,888 ಕಿಲೋಗ್ರಾಂ. ಇಪ್ಪತ್ತೊಂದು ಕಿಲೋಮೀಟರಿಗಾಗಿ ಮುನ್ನೂರ ಎಪ್ಪತ್ತನಾಲ್ಕು ಕುದುರೆಗಳು ಹೆಚ್ಚು! ಅಷ್ಟಾದರೂ ಒಂದೊಂದು ಕುದುರೆಯ ಪಾಲಿಗೆ ಬರುವ ಹೊರೆಯು ಎಫ್-1ರದಕ್ಕಿಂತ ತುಸು ಹೆಚ್ಚೇ. ಸಂಬಳ ಹೆಚ್ಚಿದಷ್ಟೂ ಖರ್ಚು ಹೆಚ್ಚಿದ ಸಂಸಾರದಂತೆ. ವೇರಾನು ದೊಡ್ಡ ಸಾಧನೆಯೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ನನಗೆ ಅದು ಪ್ರಿಯವಾಗಲಿಲ್ಲ, ಅಷ್ಟೆ.

ವ್ಯಾಪಾರದಲ್ಲಿ ಎಫ್-1 ಸೋತಿತು. ಮುನ್ನೂರು ಮಾಡಬೇಕೆಂದಿದ್ದವರು ಒಟ್ಟು 106 ಮಾಡಿ 1998ರಲ್ಲಿ ನಿಲ್ಲಿಸಿದರು. ಇದನ್ನು ಓಡಿಸುವುದೂ ಸುಲಭವಲ್ಲ. ಬ್ರೇಕಿಗೆ ಯಂತ್ರದ ಸಹಾಯವಿಲ್ಲ, ಚಕ್ರದ ಹಿಡಿತ ತಪ್ಪಿದಾಗ ತಡೆಯುವ ಯಾವ ಉಪಾಯವೂ ಇಲ್ಲ, ಅವೆಲ್ಲ ತೂಕವಷ್ಟೆ! ನಗೆಗೆ ಹೆಸರಾದ ನಟ ರೋವನ್ ಆಟ್ಕಿನ್ಸನ್ ತನ್ನ ಎಫ್-1ನ್ನು 2011ರಲ್ಲಿ ಇಂಗ್ಲೆಂಡಿನ ರಸ್ತೆಯೊಂದರಲ್ಲಿ ಮರಕ್ಕೆ ಹೊಡೆದನು. ಗಾಡಿ ತುಂಡಾಗಿ ಬಿದ್ದಿತು, ಆತನು ಭುಜದ ಗಾಯದೊಡನೆ ಪಾರಾದನು; ರಿಪೇರಿಗೆ ಒಂಬತ್ತು ಲಕ್ಷ ಪೌಂಡಿಗೂ ಮೀರಿ ಹಣ ಬೇಕಾಯಿತು. ಹೊಸದರಲ್ಲಿ ಸುಮಾರು 5,40,000 ಪೌಂಡು ಕೊಟ್ಟು ಕೊಳ್ಳುವವರಿಲ್ಲದಿದ್ದ ಈ ಗಾಡಿಗಳಲ್ಲಿ ಒಂದು, 2021ರ ಹರಾಜಿನಲ್ಲಿ ಎರಡು ಕೋಟಿ ಡಾಲರಿಗೂ ಹೆಚ್ಚಿಗೆ ಹೋಯಿತು. ಹಣವಂತರ ಬುದ್ಧಿಯ ರೀತಿಯೇ ಬೇರೆ.

ಇಷ್ಟು ವೇಗವು ಯಾರಿಗೆ ಬೇಕು ಎಂದು ವಾಚಕರು ಕೇಳಬಹುದು. ಯಾರಿಗೂ ಬೇಡ. ಲೋಕದ ಬಹುಪಾಲು ರಸ್ತೆಗಳಲ್ಲಿ ಇದರ ಮೂರನೆಯ ಒಂದು ಪಾಲಿಗೇ ಪೋಲೀಸರು ನಿಲ್ಲಿಸುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ವೇಗವಲ್ಲ, ಆ ಸಾವಿರದ ಸಂಖ್ಯೆ. ಇತ್ತೀಚಿನ ವರ್ಷಗಳಲ್ಲಿ ಗಾಡಿಗಳೆಲ್ಲ ಮತ್ತೆ ಕೊಬ್ಬುತ್ತಿವೆ. ವಿದ್ಯುತ್ತಿನಿಂದ ಓಡುವ ಸೂಪರ್ ಕಾರುಗಳಲ್ಲಿ ಬ್ಯಾಟರಿಯ ಭಾರವೇ ಭಾರ. ಕ್ರೋಯೇಷಿಯಾ ದೇಶದ ರಿಮಾಟ್ಸ್ ಕಂಪನಿಯ ನೆವೆರಾ ಎಂಬುದು 1,914 ಅಶ್ವಶಕ್ತಿಯನ್ನು ಹೊಂದಿ ಎರಡು ಸಾವಿರ ಕಿಲೋಗ್ರಾಮಿಗೂ ಮೇಲೆ ತೂಗುತ್ತದೆ. ಹೊಗೆಯಿಲ್ಲದಿರುವುದು ಪುಣ್ಯವೇ. ತೂಕದ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಇಂಥ ಕಾಲದಲ್ಲಿ, 2020ರ ಆಗಸ್ಟಿನಲ್ಲಿ, ತನ್ನ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಮರ್ರೆ ತನ್ನದೇ ಕಂಪನಿಯಿಂದ ಟಿ-50 ಎಂಬ ಗಾಡಿಯನ್ನು ಹೊರಗೆ ತಂದನು. ಮತ್ತೆ ನಡುವೆ ಚಾಲಕ, ಪಕ್ಕದಲ್ಲಿ ಇಬ್ಬರು. ಮತ್ತೆ ಹನ್ನೆರಡು ಸಿಲಿಂಡರು. ಆದರೆ ಒಳಗಾತ್ರ ನಾಲ್ಕು ಲೀಟರಿಗೂ ಕಡಿಮೆ. ಕಾಸ್ವರ್ತ್ ಕಂಪನಿ ಮಾಡಿದ ಈ ಇಂಜಿನು ನಿಮಿಷಕ್ಕೆ 12,100 ಸುತ್ತು ತಿರುಗಬಲ್ಲದು; 663 ಅಶ್ವಶಕ್ತಿಯನ್ನು ಕೊಡುತ್ತದೆ; ತೂಕ 178 ಕಿಲೋಗ್ರಾಂ. ರೋಷೆಯ 266ನ್ನು ವಾಚಕರು ಮರೆತಿಲ್ಲವಷ್ಟೆ! ಗೇರುಗಳನ್ನು ಕೈಯಿಂದಲೇ ಹಾಕಬೇಕು. ಹಿಂದುಗಡೆ, ನಲವತ್ತೆರಡು ವರ್ಷಗಳ ಕೆಳಗೆ ಸ್ವೀಡನ್ನಿನಲ್ಲಿ ಒಂದೇ ದಿನ ಓಡಿ ಮನೆ ಸೇರಿದ್ದ ಆ ಬೀಸಣಿಗೆ, ನಾನೂರು ಮಿಲಿಮೀಟರ್ ಅಗಲದ್ದಾಗಿ, ಮರಳಿ ಬಂದು ಕುಳಿತಿತು. ಪಂದ್ಯದ ಕಣಕ್ಕಾಗಿಯೇ ಇದರ ಮತ್ತೊಂದು ರೂಪವನ್ನು, 852 ಕಿಲೋಗ್ರಾಂ ತೂಗುವುದನ್ನು, 2021ರ ಫೆಬ್ರವರಿ 22ರಂದು ಪ್ರಕಟಿಸಿದರು. ಆ ದಿನವನ್ನು ಆರಿಸಿದ್ದು ಸುಮ್ಮನಲ್ಲ. ಬೀಸಣಿಗೆಯ ಗಾಡಿಯನ್ನು ಗೆಲ್ಲಿಸಿದ ನಿಕಿ ಲೌಡಾ ಹುಟ್ಟಿದ್ದು 1949ರ ಫೆಬ್ರವರಿ 22ರಂದು. 2019ರಲ್ಲಿ ಆತನು ತೀರಿಕೊಂಡಿದ್ದನು. ಗಾಡಿಗೆ ಆತನ ಹೆಸರನ್ನೇ ಇಟ್ಟರು.

ರಸ್ತೆಯ ಟಿ-50ರಲ್ಲಿ ಮೂವರ ಪೆಟ್ಟಿಗೆಗಳಿಗೆ ಜಾಗವುಂಟು, ತಂಪುಗಾಳಿಯುಂಟು, ಸಂಗೀತವುಂಟು. ಹೊರಗೆ ತಂದಾಗ ಪ್ರಕಟಿಸಿದ ತೂಕ 986 ಕಿಲೋಗ್ರಾಂ. ಹಳೆಯ 138 ಕಿಲೋಗ್ರಾಮಿನ ಸಾಲವು ತೀರಿ, ಹದಿನಾಲ್ಕು ಮಿಕ್ಕಿತ್ತು.